ಶೇಕಡಾ 99.5 ಶುದ್ಧಣ್ಣ

ಕುವೈತಿನ ಕನ್ನಡಿಗರ ಯಾವ ಕೂಟಕ್ಕೆ ಹೋದರೂ ನಾಲ್ಕು ಬಗೆಯ ಹಿರಿಯರು ಸಿಕ್ಕೇ ಸಿಗುತ್ತಾರೆ. ಇವತ್ತಿನ ದಿನಾರ್ ದರವನ್ನು ಯಾರೂ ಕೇಳದೆಯೇ ಹೇಳುವವರು. ಕಾರ್ಗೋ ಪೆಟ್ಟಿಗೆಗೆ ಹಗ್ಗ ಬಿಗಿಯುವ ಶಾಸ್ತ್ರದಲ್ಲಿ ಪಾರಂಗತರು. 1990ರಲ್ಲಿ ಇರಾಕಿ ಸೇನೆ ನುಗ್ಗಿದಾಗ ಅಮ್ಮಾನ್ ದಾರಿಯಾಗಿ ಊರು ಮುಟ್ಟಿದ ಕಥೆಗೆ ವರ್ಷಕ್ಕೊಂದು ಹೊಸ ಅಧ್ಯಾಯ ಸೇರಿಸುವವರು. ನಾಲ್ಕನೆಯವರು ಶುದ್ಧಣ್ಣ.

ಸಿವಿಲ್ ಐಡಿಯಲ್ಲಿ ಅವರ ಹೆಸರು ಬೇರೆಯೇ ಇದೆ, ಅದು ಇಲ್ಲಿ ಬೇಡ. ಸಾಲ್ಮಿಯಾದಲ್ಲಿ ಒಬ್ಬರು, ಮಂಗಫ್‌ನಲ್ಲಿ ಒಬ್ಬರು, ಫಾಹೀಲ್‌ನಲ್ಲಿ ಗಂಡಹೆಂಡಿರಿಬ್ಬರೂ ಶುದ್ಧಣ್ಣರೇ ಆಗಿರುವ ಒಂದು ಮನೆ ಉಂಟೆಂದು ಕೇಳಿದ್ದೇನೆ. ನಾನು ಬಲ್ಲವರು ಅಬ್ಬಾಸಿಯಾದ ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯವರು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದಲ್ಲಿ ಟಿಡಿಎಸ್ ಮೀಟರು. ಪ್ಯಾಂಟಿನ ಜೇಬಿನಲ್ಲಿ ಟಿಂಕ್ಚರ್ ಅಯೋಡಿನ್ನಿನ ಪುಟ್ಟ ಬಾಟಲಿ. ಪರ್ಸಿನಲ್ಲಿ ಮಕ್ಕಳ ಫೋಟೋದ ಹಿಂದೆ ಪಿಎಚ್ ಪಟ್ಟಿಗಳು. ಲೋಕದಲ್ಲಿ ಯಾವುದೂ ಶುದ್ಧವಾಗಿಲ್ಲ, ತಾನು ಕೈಯಾರೆ ಮಾಡಿದ್ದನ್ನು ಬಿಟ್ಟು ಎಂಬುದು ಅವರ ಸಿದ್ಧಾಂತ.

ನೀರಿನಿಂದ ಶುರು ಮಾಡೋಣ. ಅವರೂ ಅಲ್ಲಿಂದಲೇ ಶುರು ಮಾಡುವುದು. ಕುವೈತಿಗೆ ನದಿಯಿಲ್ಲ. ಒಂದು ಕಾಲಕ್ಕೆ ಶತ್ತ್ ಅಲ್ ಅರಬ್‌ನಿಂದ ಹಾಯಿಹಡಗುಗಳಲ್ಲಿ ಸಿಹಿನೀರು ತಂದು ಮಾರುತ್ತಿದ್ದರು. 1953ರಲ್ಲಿ ಶುವೈಖ್‌ನಲ್ಲಿ ಸಮುದ್ರದ ನೀರನ್ನು ಭಟ್ಟಿ ಇಳಿಸುವ ಸ್ಥಾವರ ಶುರುವಾಯಿತು. ಹೀಗೆ ಇಳಿಸಿದ ನೀರು ಬಹಳ ಶುದ್ಧ. ಎಷ್ಟು ಶುದ್ಧವೆಂದರೆ ಬಾಯಿಗೆ ರುಚಿಯಿಲ್ಲ, ಕೊಳವೆಗೂ ಹಿತವಿಲ್ಲ, ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಹಾಗಾಗಿ ಸರ್ಕಾರವೇ ಅದಕ್ಕೆ ಒಂದಿಷ್ಟು ಸವಳು ಅಂತರ್ಜಲ ಬೆರೆಸಿ ಮನೆಗಳಿಗೆ ಕಳಿಸುತ್ತದೆ. ಅಷ್ಟು ಇಂಧನ ಸುಟ್ಟು ಶುದ್ಧ ಮಾಡಿದ್ದನ್ನು ಬೇಕೆಂದೇ ಸ್ವಲ್ಪ ಅಶುದ್ಧ ಮಾಡುವ ಈ ವಿವೇಕ ಶುದ್ಧಣ್ಣನಿಗೆ ಇವತ್ತಿಗೂ ಜೀರ್ಣವಾಗಿಲ್ಲ. ಅವರು ಮನೆಯಲ್ಲಿ ಆರ್‌ಓ ಯಂತ್ರ ಹಾಕಿಸಿ, ಸರ್ಕಾರ ಬೆರೆಸಿದ ಉಪ್ಪನ್ನೆಲ್ಲ ಪುನಃ ತೆಗೆಯುತ್ತಾರೆ. ನೀರು ಸಪ್ಪೆಯಾಗುತ್ತದೆ. ಅದಕ್ಕೆ ಒಂದು ಚಿಟಿಕೆ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು ಹಾಕುತ್ತಾರೆ. ಉಪ್ಪು ಹಾಕುವ ಮೊದಲು ಮೀಟರ್ ಅದ್ದಿ ತೋರಿಸುತ್ತಾರೆ. ಹಾಕಿದ ಮೇಲೆ ಅದ್ದುವುದಿಲ್ಲ.

ಎರಡನೇ ಮಹಡಿಯ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಮ್ಮೆ ಆ ಮೀಟರನ್ನು ಕೇಳಿ ಪಡೆದಳು. ಸಕ್ಕರೆ ಪಾನಕಕ್ಕೆ ಅದ್ದಿದಳು, ಅಂಕಿ ಮೇಲೇಳಲೇ ಇಲ್ಲ. ಎಳನೀರಿಗೆ ಅದ್ದಿದಳು, ಸಾವಿರಗಳಲ್ಲಿ ಓಡಿತು.

"ಅಂಕಲ್, ಇದರ ಪ್ರಕಾರ ಸಕ್ಕರೆ ನೀರು ಪ್ಯೂರ್, ಎಳನೀರು ವಿಷ."

ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗ ಹರಿಯುತ್ತದೆ ಎಂಬುದನ್ನು ಮಾತ್ರ. ಕರಗಿದ ಲವಣ ಅದಕ್ಕೆ ಕಾಣುತ್ತದೆ, ಸಕ್ಕರೆ ಕಾಣುವುದಿಲ್ಲ, ಕ್ರಿಮಿನಾಶಕ ಬಹುತೇಕ ಕಾಣುವುದಿಲ್ಲ, ರೋಗಾಣು ಕಾಣುವ ಮಾತೇ ಇಲ್ಲ. ಶುದ್ಧಣ್ಣ ಹುಡುಗಿಯ ಕೈಯಿಂದ ಮೀಟರ್ ತೆಗೆದುಕೊಂಡು, "ಬ್ಯಾಟರಿ ವೀಕ್ ಉಂಟು" ಎಂದರು.

ಇನ್ನು ಅಯೋಡಿನ್ ಕಥೆ. ಹಾಲಿಗೆ ಪಿಷ್ಟ ಬೆರೆಸಿದ್ದರೆ ಒಂದು ತೊಟ್ಟು ಅಯೋಡಿನ್ ಬಿದ್ದೊಡನೆ ನೀಲಿಯಾಗುತ್ತದೆ. ಇದು ಸುಳ್ಳಲ್ಲ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳ ಪುಸ್ತಕದಲ್ಲಿ ಕೊಟ್ಟಿರುವ ಕ್ರಮ. ರಾಜ್ಯೋತ್ಸವದ ಊಟದಲ್ಲಿ ಶುದ್ಧಣ್ಣ ಎಲೆಯ ಮೇಲಿನ ಪಾಯಸಕ್ಕೆ ಎರಡು ತೊಟ್ಟು ಬಿಟ್ಟರು. ಪಾಯಸ ಶಾಯಿಯ ಬಣ್ಣಕ್ಕೆ ತಿರುಗಿತು. "ನೋಡಿ! ನೋಡಿ!" ಎಂದು ಎದ್ದು ನಿಂತರು. ಅಕ್ಕಪಕ್ಕದ ಎಂಟು ಜನ ಎಲೆಯಿಂದ ಕೈ ಹಿಂದಕ್ಕೆಳೆದರು. ಬಡಿಸುತ್ತಿದ್ದ ಹೆಂಗಸು ಸೌಟು ಹಿಡಿದೇ ಬಂದು ನೋಡಿ, "ಅದು ಸಬ್ಬಕ್ಕಿ ಪಾಯಸ ಮಾರಾಯ್ರೆ" ಎಂದಳು. ಸಬ್ಬಕ್ಕಿಯೆಂದರೆ ಪಿಷ್ಟವಲ್ಲದೆ ಬೇರೇನೂ ಅಲ್ಲ. ಆದರೂ ಆ ಸಾಲಿನವರು ಯಾರೂ ಪಾಯಸ ಮುಟ್ಟಲಿಲ್ಲ. ಸಂಶಯವೆಂಬುದು ಒಮ್ಮೆ ಬಿದ್ದರೆ ಬಣ್ಣ ಬಿಡುವುದಿಲ್ಲ.

ಇವರು ಇಂಥವರಾದದ್ದು ಹೇಗೆ? ಎಂಬತ್ತರ ದಶಕದಲ್ಲಿ ಕರಾವಳಿಯ ಕಾಲೇಜೊಂದರಲ್ಲಿ ಬಿಎಸ್‌ಸಿ. ಸಾಲ್ಟ್ ಅನಾಲಿಸಿಸ್‌ನಲ್ಲಿ ಇಡೀ ಕ್ಲಾಸಿಗೆ ಕ್ಯಾಟಯಾನ್ ಹೇಳಿಕೊಟ್ಟವರು ತಾವೇ ಎನ್ನುತ್ತಾರೆ. ಕಿಪ್ಸ್ ಅಪರೇಟಸ್ಸಿನ ಕೊಳೆತ ಮೊಟ್ಟೆಯ ವಾಸನೆಯನ್ನು ಮೊದಲ ಪ್ರೇಮದ ಹಾಗೆ ನೆನೆಯುತ್ತಾರೆ. ಆಗ ಪಿಪೆಟ್ಟನ್ನು ಬಾಯಿಂದಲೇ ಎಳೆಯುತ್ತಿದ್ದರಂತೆ, ಆಮ್ಲ ನಾಲಿಗೆಗೆ ತಾಗಿದವನೇ ನಿಜವಾದ ಕೆಮಿಸ್ಟ್ ಅಂತೆ. ಆದರೆ ಕುವೈತಿಗೆ ಬಂದು ಸೇರಿದ್ದು ಮೀನಾ ಅಬ್ದುಲ್ಲಾ ಕಡೆಯ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರಿಗೆ. ಮೂವತ್ತು ವರ್ಷ ಹೆಲ್ಮೆಟ್ಟು, ಗ್ಲೌಸು, ಕಣ್ಣಿಗೆ ಹಾಕುವ ಗಾಗಲ್ಸು, ಇವನ್ನು ಸಹಿ ಹಾಕಿಸಿಕೊಂಡು ಕೊಡುವ ಕೆಲಸ. ಗಾಗಲ್ಸ್ ಇಲ್ಲದೆ ಗೇಟು ದಾಟುವವನನ್ನು ವಾಪಸ್ ಕಳಿಸಿದ ಖ್ಯಾತಿ ಅವರದು. ಅದೇ ಮನುಷ್ಯ ಶುಕ್ರವಾರ ಬೆಳಿಗ್ಗೆ ಲುಂಗಿ ಉಟ್ಟು, ಬರಿಗಾಲಲ್ಲಿ, ಬನಿಯನ್ನಿನಲ್ಲಿ ಕಾಸ್ಟಿಕ್ ಸೋಡಾ ಕಲಸುತ್ತಾರೆ.

ಸೋಪಿನ ಪ್ರಕರಣ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಅಂಗಡಿಯ ಸೋಪನ್ನೆಲ್ಲ ಅವರು ಒಂದೇ ಏಟಿಗೆ ತಿರಸ್ಕರಿಸಿದ್ದು ಅರಿಶಿನದಿಂದ. ಅರಿಶಿನದ ನೀರಿಗೆ ಸೋಪು ತಾಗಿಸಿದರು, ಕೆಂಪಾಯಿತು. ಇದರಲ್ಲಿ ಗುಟ್ಟೇನಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದದ್ದೇ. ಕ್ಷಾರ ಕಂಡರೆ ಅರಿಶಿನ ಕೆಂಪಾಗುತ್ತದೆ, ಸೋಪು ಎಂದ ಮೇಲೆ ಅದು ಕ್ಷಾರವೇ. ಸಾರಿನ ಕಲೆ ಬಿದ್ದ ಬಿಳಿ ಅಂಗಿಗೆ ಸೋಪು ಹಚ್ಚಿದವರೆಲ್ಲ ಈ ಕೆಂಪನ್ನು ನೋಡಿದ್ದಾರೆ. ಶುದ್ಧಣ್ಣನಿಗೆ ಮಾತ್ರ ಅದು ಬಹುರಾಷ್ಟ್ರೀಯ ಕಂಪನಿಗಳ ಸಂಚಿನ ಪುರಾವೆಯಾಯಿತು. ತಾವೇ ಸೋಪು ಮಾಡುವುದೆಂದು ನಿಶ್ಚಯಿಸಿದರು. ಕೊಬ್ಬರಿ ಎಣ್ಣೆ ಊರಿನ ಗಾಣದ್ದು, ಅದರ ಶುದ್ಧತೆಯ ಬಗ್ಗೆ ಪ್ರಶ್ನೆಯೇ ಇಲ್ಲ. ಉಳಿದದ್ದು ಕಾಸ್ಟಿಕ್.

ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಅದು ಅಪ್ಪಟ ಕಾಸ್ಟಿಕ್ ಆಗಿದ್ದರೆ. ಕಾಸ್ಟಿಕ್ ಎಂಬುದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಕುಡಿದು ಕುಡಿದು ಡಬ್ಬಿಯೊಳಗೇ ಬೇರೆ ವಸ್ತುವಾಗುತ್ತ ಹೋಗುತ್ತದೆ. ಹಳೆಯ ಡಬ್ಬಿಯ 183 ಗ್ರಾಂನಲ್ಲಿ ನಿಜವಾದ ಕಾಸ್ಟಿಕ್ ಎಷ್ಟೋ ದೇವರೇ ಬಲ್ಲ. ಕಡಿಮೆಯಾದರೆ ಸೋಪು ಜಿಡ್ಡು ಜಿಡ್ಡು, ಹೆಚ್ಚಾದರೆ ಚರ್ಮ ಸುಡುತ್ತದೆ. ಶುದ್ಧಣ್ಣ ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ ತರಿಸಿದರು. ತೂಗಿದ್ದು ಮಾತ್ರ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಾಗ ಸುರಿಯುವ ಪುಡಿಯನ್ನು. "ಇದೂ ಕಾಸ್ಟಿಕ್ಕೇ ಅಲ್ಲವಾ?" ಹೌದು, ಬಹುಪಾಲು ಅದೇ. ಆದರೆ ಆ ಬಗೆಯ ಕೆಲವು ಪುಡಿಗಳಲ್ಲಿ ಅಲ್ಯುಮಿನಿಯಂ ಚೂರುಗಳನ್ನೂ ಸೇರಿಸಿರುತ್ತಾರೆ, ನೀರು ಬಿದ್ದೊಡನೆ ಕುದಿದು ಕೊಳವೆಯ ಕಸ ಕಿತ್ತು ಬರಲೆಂದು. ಕೊಳವೆಗೆ ಅದು ಶುದ್ಧವೇ.

ಪಾತ್ರೆ ಯಾವುದು? ಶುದ್ಧಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಮದುವೆಯಲ್ಲಿ ತಂದ ಅಲ್ಯುಮಿನಿಯಂ ಇಡ್ಲಿ ಪಾತ್ರೆ.

ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಸುರಿಯಬಾರದು ಎಂಬುದು ಅವರಿಗೆ ನೆನಪಿತ್ತು. ಕ್ಷಾರ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ ಎಂಬುದು ನೆನಪಿಗೆ ಬರುವಷ್ಟರಲ್ಲಿ ಪಾತ್ರೆ ಬುಸುಗುಡುತ್ತಿತ್ತು. ಕಪ್ಪು ನೊರೆ ಉಕ್ಕಿ ಕಟ್ಟೆಯ ಮೇಲೆ ಹರಿಯಿತು. ಪಕ್ಕದಲ್ಲಿ ಗ್ಯಾಸ್ ಒಲೆ, ಅದರ ಮೇಲೆ ಸಾಂಬಾರು. ಅತ್ತಿಗೆ ಓಡಿ ಬಂದು ಮೊದಲು ಮಾಡಿದ ಕೆಲಸ ಒಲೆ ಆರಿಸಿದ್ದು, ಎರಡನೆಯದು ಕಿಟಕಿ ತೆರೆದದ್ದು, ಮೂರನೆಯದು ಗಂಡನನ್ನು ಬನಿಯನ್ ಸಮೇತ ಶವರಿನ ಕೆಳಗೆ ನಿಲ್ಲಿಸಿದ್ದು. ಬಿಎಸ್‌ಸಿ ಓದಿದವರಲ್ಲ ಅವರು.

"ರೀ, ಎಂತ ಮಾಡಿದ್ದು ನೀವು ನನ್ನ ಪಾತ್ರೆಗೆ?"

"ಅದು ಹೈಡ್ರೋಜನ್. ಲೋಕದ ಅತ್ಯಂತ ಶುದ್ಧ ಇಂಧನ."

ಅದು ಮೊದಲ ಪ್ರಯತ್ನ. ಮುಂದೆ ಸ್ಟೀಲ್ ಪಾತ್ರೆ, ಒಳ್ಳೆಯ ಕಾಸ್ಟಿಕ್ ಎಲ್ಲ ಬಂತು, ಸೋಪೂ ಆಯಿತು. ಆರು ವಾರ ಒಣಗಿಸಬೇಕಾದ್ದನ್ನು ಎರಡೇ ವಾರಕ್ಕೆ ಎಲ್ಲರಿಗೂ ಹಂಚಿದರು. ಸೋಪಿನಲ್ಲಿ ಕಾಸ್ಟಿಕ್ ಉಳಿದಿದೆಯೇ ಎಂದು ತಿಳಿಯಲು ನಾಲಿಗೆಯ ತುದಿಗೆ ತಾಗಿಸಿ ನೋಡುವ ಪದ್ಧತಿ ಸೋಪು ಮಾಡುವವರಲ್ಲಿ ಉಂಟು, ಉಳಿದಿದ್ದರೆ ಚುರ್ ಎನ್ನುತ್ತದೆ. ಶುದ್ಧಣ್ಣ ಈ ಪರೀಕ್ಷೆಯನ್ನೂ ಬಿಡಲಿಲ್ಲ. ನಾಲಿಗೆ ಮಾತ್ರ ವಿಸಿಟ್ ವೀಸಾದಲ್ಲಿ ಬಂದಿದ್ದ ಭಾವಮೈದುನನದು. ಹುಡುಗ ಎರಡು ದಿನ ಬರೀ ಮೊಸರನ್ನ ಉಂಡ. ಆ ಸೋಪಿಗೂ ಅರಿಶಿನ ಕೆಂಪಾಯಿತಲ್ಲ ಎಂದು ನಾನು ಕೇಳಿದೆ. "ಇದು ನೈಸರ್ಗಿಕ ಕೆಂಪು" ಎಂದರು.

ಊರಿನ ಮನೆಯ ಜಗುಲಿಯಲ್ಲಿ ಇದೆಲ್ಲ ಮಾಡಿದ್ದರೆ ಬೈಗುಳಕ್ಕೆ ಮುಗಿಯುತ್ತಿತ್ತೇನೋ. ಅಬ್ಬಾಸಿಯಾದ ಫ್ಲ್ಯಾಟು ಬೇರೆಯೇ ಲೋಕ. ಎಂಟು ತಿಂಗಳು ಕಿಟಕಿ ತೆರೆಯುವ ಹಾಗಿಲ್ಲ, ತೆರೆದರೆ ಬಿಸಿಗಾಳಿ, ಇಲ್ಲವೇ ಮರಳು. ಏಸಿ ಅದೇ ಗಾಳಿಯನ್ನು ತಿರುಗಿಸಿ ತಿರುಗಿಸಿ ಕೊಡುತ್ತದೆ. ಇಂಥ ಮನೆಯ ಬಾತ್‌ರೂಮಿನಲ್ಲಿ ಶುದ್ಧಣ್ಣ ಒಂದು ದಿನ "ಡಬಲ್ ಶುದ್ಧಿ"ಗೆ ಇಳಿದರು. ಮೊದಲು ಕ್ಲೋರಾಕ್ಸ್ ಬ್ಲೀಚ್ ಸುರಿದರು, ಅದರ ಮೇಲೆ ಕಕ್ಕಸು ತೊಳೆಯುವ ಆಸಿಡ್. ಬ್ಲೀಚಿಗೆ ಆಮ್ಲ ಸೇರಿದರೆ ಹೊರಬರುವುದು ಕ್ಲೋರಿನ್. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಈಪ್ರ್ ಬಳಿ ಜರ್ಮನ್ನರು ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ. ಶುದ್ಧಣ್ಣ ಕೆಮ್ಮುತ್ತ ಹೊರಗೆ ಬಂದರು. ಅವರ ಹಿಂದೆಯೇ ವಾಸನೆ ಬಂತು, ವಾಸನೆಯ ಹಿಂದೆ ಮೂರನೇ ಮಹಡಿಯ ಮಲಯಾಳಿ ದಂಪತಿ, ಅವರ ಹಿಂದೆ ಬಿಲ್ಡಿಂಗ್ ಕಾಯುವ ಹಾರಿಸ್. ಈಜಿಪ್ಟಿನ ಆ ಹಾರಿಸ್‌ಗೆ ಕೆಮಿಸ್ಟ್ರಿ ಗೊತ್ತಿಲ್ಲ. ಕೈ ಎತ್ತಿ ಮೂರು ಬಾರಿ "ಖಲಾಸ್" ಎಂದ. ಎರಡರಲ್ಲಿ ಯಾವುದೋ ಒಂದು ಕಲಬೆರಕೆ, ಶುದ್ಧವಾಗಿದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂಬುದು ಶುದ್ಧಣ್ಣನ ತೀರ್ಮಾನ. ಶುದ್ಧವಾಗಿದ್ದಿದ್ದರೆ ಇನ್ನೂ ಜೋರಾಗಿ ಆಗುತ್ತಿತ್ತು ಎಂದು ಅವರಿಗೆ ಹೇಳುವವರು ಯಾರು?

ಬಾಲ್ಕನಿ ಅವರ ಉಗ್ರಾಣ. ಹೈಡ್ರೋಜನ್ ಪೆರಾಕ್ಸೈಡ್, ಬ್ಲೀಚ್, ಅಸಿಟೋನ್, ಸ್ಪಿರಿಟ್, ವಿನೆಗರ್, ಎಲ್ಲವೂ ಸಾಲಾಗಿ. ಇದು 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಅಳೆದ ದೇಶ. ಇಂಥ ಬಿಸಿಲಿನಲ್ಲಿ ಬ್ಲೀಚ್ ವಾರಗಳಲ್ಲೇ ಕಸುವು ಕಳೆದುಕೊಳ್ಳುತ್ತದೆ, ಪೆರಾಕ್ಸೈಡಿನ ಬಾಟಲಿ ಒಳಗೊಳಗೇ ಆಮ್ಲಜನಕ ಬಿಟ್ಟು ಉಬ್ಬುತ್ತದೆ, ಅಸಿಟೋನಿನ ಆವಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಲೇಬಲ್ಲಿನ ಮೇಲಿನ ಶೇಕಡಾವಾರು ಮಾತ್ರ ಬಿಸಿಲಿಗೆ ಬದಲಾಗುವುದಿಲ್ಲ. 2024ರ ಜೂನ್‌ನಲ್ಲಿ ಮಂಗಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ನಮ್ಮ ದೇಶದ 40ಕ್ಕೂ ಹೆಚ್ಚು ಜನ ತೀರಿಹೋದ ಮೇಲೆ ಹಾರಿಸ್ ಮೆಟ್ಟಿಲ ಕೆಳಗೆ ಚಪ್ಪಲಿ ಸ್ಟ್ಯಾಂಡ್ ಇಡಲೂ ಬಿಡಲಿಲ್ಲ. ಬಾಲ್ಕನಿ ಖಾಲಿ ಮಾಡಲು ಅವನೇ ಬಂದು ನಿಂತ. ಶುದ್ಧಣ್ಣ ದೊಡ್ಡ ಡಬ್ಬಿಗಳನ್ನು ಬಿಸಾಡಿ, ಒಳಗಿದ್ದದ್ದನ್ನು ಕುಡಿಯುವ ನೀರಿನ ಖಾಲಿ ಬಾಟಲಿಗಳಿಗೆ ತುಂಬಿ, ಮಂಚದ ಕೆಳಗೆ ಇಟ್ಟರು. ಅತ್ತಿಗೆ ಅಂದಿನಿಂದ ಮಲಗುವುದು ಹಾಲ್‌ನ ಸೋಫಾದಲ್ಲಿ.

ಕೋವಿಡ್ ಕಾಲ ಅವರ ಸುವರ್ಣಯುಗ. 2020ರ ಏಪ್ರಿಲ್‌ನಲ್ಲಿ ನಮ್ಮ ಅಬ್ಬಾಸಿಯಾ ಇರುವ ಜಲೀಬ್ ಮತ್ತು ಮಹಬೂಲಾಕ್ಕೆ ಬೇಲಿ ಬಿದ್ದು, ನಾವೆಲ್ಲ ಒಳಗೆ ಸಿಕ್ಕಿಬಿದ್ದೆವು. ಸ್ಯಾನಿಟೈಸರ್ ಸಿಗುವುದಿಲ್ಲ. ಶುದ್ಧಣ್ಣ ಪ್ರತಿ ಮನೆ ಬಾಗಿಲಿಗೂ ಒಂದೊಂದು ಬಾಟಲಿ ಇಟ್ಟುಹೋದರು. ಸೂತ್ರ ವಿಶ್ವ ಆರೋಗ್ಯ ಸಂಸ್ಥೆಯದು: ಶೇಕಡಾ 80 ಎಥನಾಲ್, ಒಂದಿಷ್ಟು ಗ್ಲಿಸರಿನ್, ಒಂದಿಷ್ಟು ಪೆರಾಕ್ಸೈಡ್. ಸ್ಪಿರಿಟ್ ಪೇಂಟ್ ಅಂಗಡಿಯದು. ಅದರಲ್ಲಿ ಎಥನಾಲ್ ಇತ್ತೋ, ಮೆಥನಾಲ್ ಇತ್ತೋ, ಡಬ್ಬಿಯ ಮೇಲೆ ಬರೆದಿರಲಿಲ್ಲ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಕರು ಮೆಥನಾಲ್ ಬೆರೆತ ಸ್ಯಾನಿಟೈಸರುಗಳ ಉದ್ದನೆಯ ಪಟ್ಟಿಯನ್ನೇ ಹೊರಡಿಸಿದರು, ಅವು ಕಾರ್ಖಾನೆಯಲ್ಲಿ ಮಾಡಿದವು. ನಮ್ಮ ಮನೆಗೆ ಬಂದ ಬಾಟಲಿ ಬಾಗಿಲ ಹೊರಗೇ ಉಳಿಯಿತು. ಸಿಕ್ಕಾಗಲೆಲ್ಲ "ಮುಗಿಯಿತಾ? ಇನ್ನೊಂದು ಕೊಡಲಾ?" ಎಂದು ಅವರು ಕೇಳುವಾಗ ನನಗೆ ಅಯ್ಯೋ ಅನ್ನಿಸುತ್ತಿತ್ತು. ಕೊಡುವ ಕೈಯಂತೂ ಕಲಬೆರಕೆಯದಲ್ಲ.

ಇಷ್ಟೆಲ್ಲ ಓದಿ ನೀವು ಅವರನ್ನು ಬರೀ ತಮಾಷೆಯ ಮನುಷ್ಯ ಎಂದುಕೊಂಡಿದ್ದರೆ ಒಂದು ರಾತ್ರಿಯ ವಿಷಯ ಹೇಳಬೇಕು. 1964ರಿಂದ ಮದ್ಯದ ಆಮದು ನಿಷೇಧವಿರುವ ಈ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ಕಳ್ಳ ಸಾರಾಯಿಯ ಮೆಥನಾಲಿನಿಂದ 160 ಜನರಿಗೆ ವಿಷವೇರಿತು, 23 ಜನ ಸತ್ತರು. ಸರ್ಕಾರವೇ ಕೊಟ್ಟ ಲೆಕ್ಕ. ಕೆಲವರ ಕಣ್ಣು ಹೋಯಿತು. ಬಹಳಷ್ಟು ಮಂದಿ ನಮ್ಮ ಕಡೆಯ, ನಮ್ಮಂಥದೇ ದೇಶಗಳ ದುಡಿಯುವ ಜನ. ಆ ವಾರ, ಹನ್ನೊಂದು ಗಂಟೆಯ ಮೇಲೆ, ಒಬ್ಬ ಹುಡುಗ ನಾಲ್ಕನೇ ಮಹಡಿಯ ಬೆಲ್ ಒತ್ತಿದ. ಕೈಯಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ.

"ಅಣ್ಣ, ನೀವು ಟೆಸ್ಟ್ ಮಾಡ್ತೀರಂತೆ. ರೂಮಿನವರು ತಂದದ್ದು. ಪ್ಯೂರಾ ನೋಡಿ ಹೇಳಿ."

ಶುದ್ಧಣ್ಣನ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು, ಮೀಟರ್ ಹೊರಗೆ ಬಂತು, ಬಾಟಲಿಯ ಮುಚ್ಚಳದಷ್ಟು ದ್ರವಕ್ಕೆ ಅದ್ದಿದ್ದೂ ಆಯಿತು. ಅಂಕಿ ಬಹಳ ಕಡಿಮೆ. ಮೀಟರಿನ ಪ್ರಕಾರ ಬಿಲ್ಡಿಂಗಿನಲ್ಲೇ ಅಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. ಅವರು ಆ ಅಂಕಿಯನ್ನು ನೋಡಿದರು, ಹುಡುಗನ ಮುಖ ನೋಡಿದರು, ಮೀಟರ್ ಒರೆಸಿ ಜೇಬಿಗೆ ಹಾಕಿದರು. ಅವರು ಪಿಯುಸಿಗೆ ಸೇರಿದ ವರ್ಷ, 1981ರ ಜುಲೈಯಲ್ಲಿ, ಬೆಂಗಳೂರಿನಲ್ಲಿ ಇದೇ ಮೆಥನಾಲ್ 300ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಅಂದು ಕೆಮಿಸ್ಟ್ರಿ ಮೇಷ್ಟ್ರು ಪೇಪರನ್ನೇ ಕ್ಲಾಸಿಗೆ ತಂದು ಪಾಠ ಮಾಡಿದ್ದರಂತೆ. ಎಥನಾಲ್, ಮೆಥನಾಲ್ ಎರಡಕ್ಕೂ ಬಣ್ಣವಿಲ್ಲ, ಎರಡರ ವಾಸನೆಯೂ ಹೆಚ್ಚುಕಡಿಮೆ ಒಂದೇ, ಎರಡೂ ಉರಿಯುತ್ತವೆ, ಎರಡೂ ನೀರಿನಲ್ಲಿ ಬೇಕಾದಷ್ಟು ಬೆರೆಯುತ್ತವೆ. ಒಂದನ್ನು ಮೈ ಹೇಗೋ ತಡೆದುಕೊಳ್ಳುತ್ತದೆ. ಇನ್ನೊಂದನ್ನು ಮೈಯೇ ಫಾರ್ಮಿಕ್ ಆಮ್ಲ ಮಾಡುತ್ತದೆ, ಆ ಆಮ್ಲ ಕಣ್ಣಿನ ನರಕ್ಕೆ ಹೋಗುತ್ತದೆ. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣದಿಂದ ಹೇಳುತ್ತೇನೆ ಎನ್ನುವವನನ್ನು ನಂಬಬಾರದು. ಬೇರ್ಪಡಿಸಿ ತೋರಿಸಲು ಪ್ರಯೋಗಾಲಯದ ಯಂತ್ರವೇ ಬೇಕು.

"ನನಗೆ ಗೊತ್ತಾಗುವುದಿಲ್ಲ ಮಾರಾಯ" ಎಂದರು. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ಬಾಗಿಲ ಹಿಂದೆ ನಿಂತಿದ್ದ ಅತ್ತಿಗೆಯೇ ಸಾಕ್ಷಿ. "ಚೆಲ್ಲು. ಯಾರಾದರೂ ಕುಡಿದಿದ್ದಾರಾ?"

ಒಬ್ಬ ಸಂಜೆ ಕುಡಿದಿದ್ದನಂತೆ. ಚೆನ್ನಾಗಿಯೇ ಇದ್ದಾನಂತೆ.

"ಚೆನ್ನಾಗಿಯೇ ಇರುತ್ತಾನೆ. ಅರ್ಧ ದಿನ, ಒಂದು ದಿನ ಏನೂ ಆಗದೇ ಇರಬಹುದು. ಆಮೇಲೆ ಕಣ್ಣು ಮಂಜು. ಈಗಲೇ ಆಸ್ಪತ್ರೆ."

"ಪೊಲೀಸ್ ಆದರೆ ಅಣ್ಣ? ಡಿಪೋರ್ಟ್ ಮಾಡ್ತಾರೆ."

"ಮಾಡಲಿ. ಕಣ್ಣು ಇಟ್ಟುಕೊಂಡು ಊರಿಗೆ ಹೋಗುತ್ತಾನೆ."

ಲುಂಗಿಯಲ್ಲೇ ಕಾರಿನ ಕೀಲಿ ಹಿಡಿದು ಇಳಿದುಹೋದವರು ವಾಪಸ್ಸಾದದ್ದು ಬೆಳಗಿನ ಜಾವ. ಕುಡಿದವನು ಬದುಕಿದ. ಕಣ್ಣೂ ಉಳಿಯಿತು.

ಇದಾದ ಮೇಲೆ ಬದಲಾದರು ಎಂದುಕೊಳ್ಳಬೇಡಿ. ಮರುದಿನ ಸಂಜೆಯೇ ಜಮಿಯಾ ಎಂಬ ಸಹಕಾರಿ ಅಂಗಡಿಯ ಕೌಂಟರಿನಲ್ಲಿ ಜೇನಿನ ಬಾಟಲಿ ಬಿಚ್ಚಿಸಿ, ಲೋಟದ ನೀರಿಗೆ ಹನಿ ಬಿಟ್ಟು, ಕರಗುತ್ತದೋ ಇಲ್ಲವೋ ನೋಡುತ್ತಿದ್ದರು. 2020ರ ಕೊನೆಗೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನಡೆಸಿದ ಪರೀಕ್ಷೆಯಲ್ಲಿ ಭಾರತದ 13 ಬ್ರ್ಯಾಂಡುಗಳ ಜೇನಿನಲ್ಲಿ 10 ಫೇಲಾದದ್ದು ಜರ್ಮನಿಯ ಯಂತ್ರಕ್ಕೆ ಸಿಕ್ಕಿಬಿದ್ದು. ಈಗಿನ ಸಕ್ಕರೆ ಪಾಕ ಲೋಟದ ನೀರಿಗೆಲ್ಲ ಹೆದರುವಂಥದ್ದಲ್ಲ. ಅಂಗಡಿಯವನು ಪಾಪ, ಬಿಚ್ಚಿದ ಬಾಟಲಿಯ ದುಡ್ಡು ಮಾತ್ರ ಕೇಳಿದ.

ಈಗ ಅವರದು ಫೈನಲ್ ಎಕ್ಸಿಟ್, ಶಾಶ್ವತವಾಗಿ ಊರಿಗೆ. ಊರಿನಲ್ಲಿ ಹಿತ್ತಲಿಗೆ ಒಂದು ಶೀಟಿನ ಮಾಡು ಹಾಕಿಸಿಯಾಗಿದೆ, ಕೊಟ್ಟಿಗೆಯಿಂದಲೂ ಆಚೆ. ಜಾಗ ತೋರಿಸಿದ್ದು ಅತ್ತಿಗೆ. ಮೊನ್ನೆ ಕಾರ್ಗೋದವರು ಬಂದಾಗ ನಾನೂ ಪೆಟ್ಟಿಗೆ ಹಿಡಿಯಲು ಹೋಗಿದ್ದೆ. ಕುಂದಾಪುರದ ಹುಡುಗ. ಮಂಚದ ಕೆಳಗಿನ ಬಾಟಲಿಗಳನ್ನು ಒಂದೊಂದಾಗಿ ಎಳೆದು ಸಾಲಾಗಿ ನಿಲ್ಲಿಸಿದ. ಎಲ್ಲವೂ ನೀರಿನ ಬಾಟಲಿಗಳೇ, ಒಳಗಿರುವುದೂ ನೀರಿನಂತೆಯೇ. ಎಲ್ಲದರ ಮೇಲೂ ಮಾರ್ಕರಿನಲ್ಲಿ ದಪ್ಪಗೆ ಬರೆದಿದೆ: "ಪ್ಯೂರ್. ಮುಟ್ಟಬಾರದು."

"ಇದ್ರೊಳ್ಗ್ ಎಂತ ಇತ್ತ್ ಅಣ್ಣ?"

"ಬರೆದಿದೆಯಲ್ಲ, ಪ್ಯೂರ್."

"ಎಂತದು ಪ್ಯೂರ್?"

ಶುದ್ಧಣ್ಣ ಒಂದನ್ನೆತ್ತಿ ಟ್ಯೂಬ್‌ಲೈಟಿಗೆ ಹಿಡಿದರು, ಅಲುಗಾಡಿಸಿದರು, ಮುಚ್ಚಳದ ಮೇಲೆ ಕೈ ಇಟ್ಟರು.

"ಮೂಸಬೇಡಿ!" ಎಂದು ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದರು.

"ನೀರ್ ವಸ್ತು ಕಾರ್ಗೋಗ್ ಆತಿಲ್ಲೆ ಅಣ್ಣ" ಎಂದ ಹುಡುಗ, ಪೆಟ್ಟಿಗೆಯ ಟೇಪು ಹರಿಯುತ್ತ.

ಶುದ್ಧಣ್ಣ ಸ್ವಲ್ಪ ಯೋಚಿಸಿ, "ಗಟ್ಟಿ ಮಾಡಿಕೊಟ್ಟರೆ ಆಗುತ್ತದಾ?" ಎಂದು ಕೇಳಿದರು.